ಲ್ಯಾಪ್‌ಟಾಪ್‌ನಲ್ಲಿ ಓಡುವ ಆಪರೇಟರ್ ಕ್ಲಸ್ಟರ್ ಒಳಗೆ ಯಾಕೆ ಕೆಡುತ್ತದೆ? ಹುಡುಕುವ ದಾರಿ

“ಅಕ್ಕ, ಕೋಡ್‌ನಲ್ಲಿ 4 ಅಂತ ಬರೆದಿದ್ದೀನಿ. ಕ್ಲಸ್ಟರ್‌ನಲ್ಲಿ ನೋಡಿದರೆ 4 ಆಗುತ್ತೆ, ಕಣ್ಣು ಮಿಟುಕಿಸೋದರೊಳಗೆ ಮತ್ತೆ 2 ಆಗುತ್ತೆ. ಬೆಳಗ್ಗೆಯಿಂದ ಇದೇ ಗೋಳು. ಕುಬರ್ನೆಟೀಸ್‌ದೇ ಏನಾದ್ರೂ ಬಗ್ ಇರಬಹುದಾ?”

ತಿಪಟೂರಿನ ಹುಡುಗ. ತುಮಕೂರಿನಲ್ಲಿ ಓದು ಮುಗಿಸಿ, ಬಟವಾಡಿ ಹತ್ತಿರ ರೂಮ್ ಮಾಡಿಕೊಂಡು, ಅಲ್ಲಿಂದಲೇ ಒಂದು ತಂಡಕ್ಕೆ ಪ್ಲಾಟ್‌ಫಾರ್ಮ್ ಕೆಲಸ ಮಾಡುತ್ತಾನೆ. ಅವನು ಹೇಳುವ ಕುಬರ್ನೆಟೀಸ್ ಅಂದರೆ ಹಲವು ಕಂಪ್ಯೂಟರ್‌ಗಳನ್ನು ಒಂದು ಗುಂಪಾಗಿ, ಅಂದರೆ ಕ್ಲಸ್ಟರ್ ಆಗಿ, ಸೇರಿಸಿ ಅದರಲ್ಲಿ ಪ್ರೋಗ್ರಾಮ್‌ಗಳನ್ನು ಓಡಿಸುವ ವ್ಯವಸ್ಥೆ. ಆ ಕ್ಲಸ್ಟರ್‌ನ ಕೆಲಸಗಳನ್ನು ತಾನಾಗಿ ಮಾಡುವ ಪ್ರೋಗ್ರಾಮೇ ಆಪರೇಟರ್. ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಲ್ಯಾಪ್‌ಟಾಪ್ ಸಮೇತ ನಮ್ಮ ಮನೆಗೇ ಬಂದ. ಸಂಜೆ ತನಕ ಕೂತು ಹುಡುಕಿದೆವು. ಆವತ್ತು ಸಿಕ್ಕಿದ್ದನ್ನೂ ಅದಕ್ಕೂ ಮೊದಲು ನನಗೇ ಬೇರೆ ಬೇರೆ ಸಲ ಎದುರಾಗಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಹೊಸದಾಗಿ ಆಪರೇಟರ್ ಬರೆಯುವವರು ಇವೇ ಜಾಗಗಳಲ್ಲಿ ದಿನಗಟ್ಟಲೆ ನಿಂತುಬಿಡುತ್ತಾರೆ, ಕೊನೆಗೆ ಇದು ನಮ್ಮ ಕೈಲಾಗಲ್ಲ ಅಂತ ಬಿಟ್ಟೇಬಿಡುತ್ತಾರೆ. ಹಾಗೆ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಹಾಕಿಕೊಳ್ಳಿ.

ಅವನ ಆಪರೇಟರ್ ಮಾಡುವ ಕೆಲಸ ಇಷ್ಟೇ. ‘ಟೀಮ್‌ಸ್ಪೇಸ್’ ಅನ್ನುವ ಸಣ್ಣ ಯಾಮಲ್ ಫೈಲ್ (ಬೇಕಾದ್ದನ್ನು ಸಾದಾ ಅಕ್ಷರದಲ್ಲಿ ಬರೆದ ಫೈಲ್) ಹಾಕಿದರೆ ಆ ತಂಡಕ್ಕೆ ಒಂದು ನೇಮ್‌ಸ್ಪೇಸ್, ಅಂದರೆ ಕ್ಲಸ್ಟರ್ ಒಳಗೆ ಅವರದೇ ಒಂದು ಜಾಗ, ಮಾಡುತ್ತದೆ. ಎಷ್ಟು ಪಾಡ್ (ಕ್ಲಸ್ಟರ್‌ನಲ್ಲಿ ಓಡುವ ಪ್ರೋಗ್ರಾಮ್‌ನ ಒಂದು ಘಟಕ) ಓಡಿಸಬಹುದು ಅಂತ ಕೋಟಾ ಹಾಕುತ್ತದೆ, ಹುಡುಗ ಹೇಳಿದ 4, 2 ಈ ಕೋಟಾದ್ದೇ. ಯಾರಿಗೆ ಏನು ಅನುಮತಿ ಅಂತ ರೋಲ್‌ಬೈಂಡಿಂಗ್ ಬರೆಯುತ್ತದೆ. ಮೊದಲು ಇದನ್ನೆಲ್ಲ ಒಬ್ಬರು ಕೂತು ಕೈಯಲ್ಲೇ ಮಾಡುತ್ತಿದ್ದರು. ಇಂಥ ಕೆಲಸವನ್ನು ಕ್ಲಸ್ಟರ್ ಒಳಗಿನ ಒಂದು ಪ್ರೋಗ್ರಾಮ್‌ಗೆ ವಹಿಸುವ ಪದ್ಧತಿಗೆ 2016ರಲ್ಲಿ ಕೋರ್‌ಓಎಸ್ ಕಂಪನಿಯವರು ಆಪರೇಟರ್ ಅಂತ ಹೆಸರಿಟ್ಟರು. ಒಳಗಡೆ ನಡೆಯುವುದು ಒಂದೇ ಸುತ್ತು. ಬೇಕಾಗಿರುವುದು ಏನು, ಈಗ ಇರುವುದು ಏನು, ವ್ಯತ್ಯಾಸ ಇದ್ದರೆ ಸರಿಮಾಡು, ಮತ್ತೆ ನೋಡು.

ಲ್ಯಾಪ್‌ಟಾಪ್‌ನಲ್ಲಿ ಗೋ ಭಾಷೆ, ಪ್ರೋಗ್ರಾಮನ್ನು ಬೇಕಾದ ಫೈಲ್‌ಗಳ ಸಮೇತ ಪ್ರತ್ಯೇಕವಾಗಿ (ಕಂಟೇನರ್ ಆಗಿ) ಓಡಿಸುವ ಡಾಕರ್, ಆಪರೇಟರ್‌ನ ಆರಂಭದ ಕೋಡ್ ಬರೆದುಕೊಡುವ ಕ್ಯೂಬ್‌ಬಿಲ್ಡರ್, ಕ್ಲಸ್ಟರ್‌ಗೆ ಕಮಾಂಡ್ ಕೊಡುವ ಕ್ಯೂಬ್‌ಸಿಟಿಎಲ್, ಮೇಕ್‌ಫೈಲ್‌ನಲ್ಲಿ ಬರೆದ ಕಮಾಂಡ್‌ಗಳನ್ನು ಓಡಿಸುವ ಮೇಕ್, ಜೊತೆಗೆ ಕೈಂಡ್ ಇದ್ದರೆ ಸಾಕು. ಕೈಂಡ್ ಅಂದರೆ ಕುಬರ್ನೆಟೀಸ್‌ನ ಪೂರ್ತಿ ನೋಡನ್ನೇ (ಕ್ಲಸ್ಟರ್‌ನ ಒಂದು ಕಂಪ್ಯೂಟರ್) ಒಂದು ಡಾಕರ್ ಕಂಟೇನರ್ ಒಳಗೆ ಕೂರಿಸುವ ಟೂಲ್. ‘ಕೈಂಡ್ ಕ್ರಿಯೇಟ್ ಕ್ಲಸ್ಟರ್’ ಕೊಟ್ಟು, ‘ಮೇಕ್ ಇನ್‌ಸ್ಟಾಲ್’ನಿಂದ ಸಿಆರ್‌ಡಿ (ಟೀಮ್‌ಸ್ಪೇಸ್ ಅಂದರೆ ಏನು ಅಂತ ಕ್ಲಸ್ಟರ್‌ಗೆ ತಿಳಿಸುವ ವಿವರ) ಹಾಕಿ, ‘ಮೇಕ್ ರನ್’ ಅಂದರೆ ಆಪರೇಟರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ಹೊರಗಿನಿಂದ ಕ್ಲಸ್ಟರ್ ಜೊತೆ ಮಾತಾಡುತ್ತದೆ. ‘ಮೇಕ್ ಡಾಕರ್-ಬಿಲ್ಡ್’, ‘ಕೈಂಡ್ ಲೋಡ್ ಡಾಕರ್-ಇಮೇಜ್’, ‘ಮೇಕ್ ಡಿಪ್ಲಾಯ್’ ಈ ಮೂರನ್ನೂ ಕೊಟ್ಟರೆ ಅದೇ ಪ್ರೋಗ್ರಾಮ್ ಪಾಡ್ ಆಗಿ ಒಳಗೆ ಓಡುತ್ತದೆ.

ದೋಷ ಬಂದಾಗ ನಾನು ಮೊದಲು ಕೋಡ್ ತೆರೆಯುವುದಿಲ್ಲ. ಮೊದಲು ಕೇಳುವುದು, ಆಪರೇಟರ್ ಈಗ ಹೊರಗೆ ಓಡುತ್ತಿದೆಯಾ, ಒಳಗೆ ಓಡುತ್ತಿದೆಯಾ, ಅಥವಾ ಎರಡೂ ಕಡೆನಾ? ಕೋಡ್ ಒಂದೇ ಆದರೂ ಹೊರಗೆ ಅದು ನಿಮ್ಮ ಹೆಸರಲ್ಲಿ, ನಿಮ್ಮ ಅಡ್ಮಿನ್ ಅನುಮತಿಯಲ್ಲಿ, ನಿಮ್ಮ ಫೈಲ್‌ಗಳನ್ನು ನೋಡಿಕೊಂಡು ಓಡುತ್ತದೆ. ಒಳಗೆ ಹೋದರೆ ಇನ್ನೊಂದು ಹೆಸರು, ಕಡಿಮೆ ಅನುಮತಿ, ಬೇರೆ ಫೈಲ್‌ಗಳು, ಕೆಲವೊಮ್ಮೆ ಹಳೆಯ ಕೋಡ್. ನಾನು ಕಂಡ ದೋಷಗಳಲ್ಲಿ ಜಾಸ್ತಿ ಈ ವ್ಯತ್ಯಾಸದಿಂದಲೇ ಹುಟ್ಟಿದವು.

ಯಾವ ಕ್ಲಸ್ಟರ್ ಜೊತೆ ಮಾತಾಡುತ್ತಿದೆ?

‘ಲೋಕಲ್‌ಹೋಸ್ಟ್ 8080ಕ್ಕೆ ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದರೆ ಕ್ಲಸ್ಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ಯೂಬ್‌ಸಿಟಿಎಲ್‌ಗೆ ಕ್ಲಸ್ಟರ್‌ನ ವಿಳಾಸ, ನಿಮ್ಮ ಗುರುತು ಇರುವ ಕ್ಯೂಬ್‌ಕಾನ್ಫಿಗ್ ಫೈಲೇ ಸಿಕ್ಕಿಲ್ಲ, ಅದಕ್ಕೆ ಹಳೆಯ ವಿಳಾಸವನ್ನು ತಟ್ಟಿ ನೋಡುತ್ತಿದೆ ಅಷ್ಟೇ. ತುಂಬಾ ಸಲ ಕಾರಣ ಸುಡೋ, ಅಂದರೆ ಕಮಾಂಡನ್ನು ರೂಟ್ ಹೆಸರಲ್ಲಿ ಓಡಿಸುವುದು. ಕಮಾಂಡ್ ಮುಂದೆ ಸುಡೋ ಹಾಕಿದ ಕೂಡಲೇ ಅದು ನಿಮ್ಮ ಹೋಮ್ ಫೋಲ್ಡರ್ ಬಿಟ್ಟು ರೂಟ್‌ನ ಹೋಮ್‌ನಲ್ಲಿ ಫೈಲ್ ಹುಡುಕುತ್ತದೆ. ಡಾಕರ್‌ಗೆ ಅನುಮತಿ ಇಲ್ಲ ಅಂತ ಎಲ್ಲದಕ್ಕೂ ಸುಡೋ ಹಾಕುವ ಬದಲು ನಿಮ್ಮನ್ನು ಡಾಕರ್ ಗ್ರೂಪ್‌ಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

ಇದಕ್ಕಿಂತ ಅಪಾಯದ್ದು, ಕ್ಲಸ್ಟರ್ ಸಿಕ್ಕಿರುತ್ತದೆ, ಆದರೆ ನಿಮ್ಮದಲ್ಲ. ಒಂದು ಸಲ ನಾನು ‘ಮೇಕ್ ಇನ್‌ಸ್ಟಾಲ್’, ‘ಮೇಕ್ ರನ್’ ಎರಡೂ ಕೊಟ್ಟು, ಲಾಗ್ ಎಲ್ಲ ಸರಿಯಾಗಿದೆ, ನೇಮ್‌ಸ್ಪೇಸ್ ಮಾಡಿದೆ ಅಂತಲೂ ಹೇಳುತ್ತಿದೆ, ಆದರೆ ಕೈಂಡ್‌ನ ಕಂಟೇನರ್ ಒಳಗೆ ಹೋಗಿ ನೋಡಿದರೆ ಏನೂ ಇಲ್ಲ. ಹಿಂದಿನ ರಾತ್ರಿ ಕೆಲಸದ ಟೆಸ್ಟ್ ಕ್ಲಸ್ಟರ್ ನೋಡಲು ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್ ಜೊತೆ ಮಾತಾಡಬೇಕು ಅನ್ನುವ ಆಯ್ಕೆ) ಬದಲಿಸಿ ಹಾಗೇ ಬಿಟ್ಟಿದ್ದೆ. ಆಪರೇಟರ್ ಅಲ್ಲಿ ಹೋಗಿ ನೇಮ್‌ಸ್ಪೇಸ್ ಮಾಡುತ್ತಿತ್ತು. ಪುಣ್ಯಕ್ಕೆ ಅದು ಟೆಸ್ಟ್ ಕ್ಲಸ್ಟರ್ ಆಗಿತ್ತು, ಹೊಸದಾಗಿ ಮಾಡಿದ್ದನ್ನು ಒಂದೊಂದಾಗಿ ಅಳಿಸಿದೆ. ಅವತ್ತಿನಿಂದ ಎರಡು ಕೆಲಸ ತಪ್ಪಿಸುವುದಿಲ್ಲ. ಕೈಂಡ್‌ಗೆ ಬೇರೆಯದೇ ಕ್ಯೂಬ್‌ಕಾನ್ಫಿಗ್ ಫೈಲ್ ಇಡುತ್ತೇನೆ, ಆ ಪ್ರಾಜೆಕ್ಟ್‌ನ ಟರ್ಮಿನಲ್‌ನಲ್ಲಿ ಕ್ಯೂಬ್‌ಕಾನ್ಫಿಗ್ ವೇರಿಯೇಬಲ್ ಅದನ್ನೇ ತೋರಿಸುತ್ತದೆ. ಮೇಕ್‌ಫೈಲ್‌ನಲ್ಲಿ ‘ರನ್’, ‘ಇನ್‌ಸ್ಟಾಲ್’, ‘ಡಿಪ್ಲಾಯ್’ ಶುರುವಾಗುವ ಮೊದಲು ‘ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಕರೆಂಟ್-ಕಾಂಟೆಕ್ಸ್ಟ್’ ಓದಿ, ಹೆಸರು ‘ಕೈಂಡ್-’ ಅಂತ ಶುರುವಾಗದಿದ್ದರೆ ನಿಲ್ಲಿಸುವ ಎರಡು ಸಾಲು ಹಾಕಿದ್ದೇನೆ. ನೀವೂ ಹಾಕಿ. ಎರಡೇ ಸಾಲು.

4 ಆಗಿ ಮತ್ತೆ 2 ಆಗುವುದು

ಈಗ ಹುಡುಗನ ಕಥೆಗೆ ಬರುತ್ತೇನೆ. ಕಾಂಟೆಕ್ಸ್ಟ್ ಸರಿ ಇತ್ತು. ‘ಮೇಕ್ ರನ್’ ಓಡುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ತೆರೆದು ಕೋಟಾವನ್ನು ‘-ಡಬ್ಲ್ಯೂ’ (ಬದಲಾದಾಗಲೆಲ್ಲ ತೋರಿಸು) ಹಾಕಿ ನೋಡುತ್ತಾ ಕೂತೆವು. ಸಾಲು ಮೇಲೆ ಸಾಲು ಬೀಳುತ್ತಿತ್ತು: ಪಾಡ್ಸ್ 0/4, ಪಾಡ್ಸ್ 0/2, ಪಾಡ್ಸ್ 0/4, ಪಾಡ್ಸ್ 0/2. ನಿಲ್ಲುವುದೇ ಇಲ್ಲ. ಯಾರೂ ಮುಟ್ಟದ ಕೋಟಾ ಇಷ್ಟು ಬದಲಾಗುತ್ತಿದೆ ಅಂದರೆ ಅದನ್ನು ಬರೆಯುವವರು ಒಬ್ಬರಿಗಿಂತ ಜಾಸ್ತಿ ಇರಲೇಬೇಕು, ಅಲ್ವಾ?

ಬರೆದವರು ಯಾರು ಅಂತ ಕುಬರ್ನೆಟೀಸೇ ಹೇಳುತ್ತದೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ. ‘ಕ್ಯೂಬ್‌ಸಿಟಿಎಲ್ ಗೆಟ್ ರಿಸೋರ್ಸ್‌ಕೋಟಾ’ ಕಮಾಂಡ್‌ಗೆ ‘-ಓ ಯಾಮಲ್’ ಜೊತೆ ‘--ಶೋ-ಮ್ಯಾನೇಜ್ಡ್-ಫೀಲ್ಡ್ಸ್’ ಸೇರಿಸಿ. ಯಾವ ಪ್ರೋಗ್ರಾಮ್, ಯಾವ ಫೀಲ್ಡನ್ನು, ಎಷ್ಟು ಹೊತ್ತಿಗೆ ಬರೆಯಿತು ಅಂತ ಪೂರ್ತಿ ಕಾಣುತ್ತದೆ. ನೀವು ಬೇರೆ ಹೆಸರು ಕೊಟ್ಟಿಲ್ಲದಿದ್ದರೆ ಅಲ್ಲಿ ಬೀಳುವುದು ಪ್ರೋಗ್ರಾಮ್ ಫೈಲ್‌ನ ಹೆಸರು. ‘ಮೇಕ್ ರನ್’ ಒಳಗೆ ನಡೆಯುವುದು ‘ಗೋ ರನ್ ಸಿಎಂಡಿ/ಮೇನ್.ಗೋ’, ಹಾಗಾಗಿ ಲ್ಯಾಪ್‌ಟಾಪ್‌ನಿಂದ ಬರೆದರೆ ‘ಮೇನ್’ ಅಂತ ಕಾಣುತ್ತದೆ. ಇಮೇಜ್ (ಕಂಟೇನರ್ ಆಗಿ ಓಡಿಸಲು ಕಟ್ಟಿಟ್ಟ ಪ್ರೋಗ್ರಾಮ್) ಒಳಗೆ ಫೈಲ್ ಹೆಸರು ‘ಮ್ಯಾನೇಜರ್’, ಹಾಗಾಗಿ ಪಾಡ್ ಬರೆದರೆ ‘ಮ್ಯಾನೇಜರ್’. ಅವನ ಕೋಟಾದಲ್ಲಿ ಎರಡೂ ಹೆಸರು ಇದ್ದವು.

“ಮ್ಯಾನೇಜರ್ ಯಾರೋ ಇದು?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೋದ ವಾರ ಮೇಕ್ ಡಿಪ್ಲಾಯ್ ಕೊಟ್ಟು ನೋಡಿದ್ದೆ ಅಕ್ಕ. ಅದು ಇನ್ನೂ ಓಡ್ತಾ ಇದೆಯಾ?”

ಓಡುತ್ತಿತ್ತು. ಹೋದ ವಾರದ ಕೋಡ್, 2 ಅಂತ ಬರೆದಿದ್ದ ಕೋಡ್, ಪಾಡ್ ಆಗಿ ಒಳಗೆ ಕೂತಿತ್ತು. ಬೀದಿಗೆ ನೀರು ಬಿಡುವ ವಾಲ್ವನ್ನು ಒಬ್ಬರು ತಿರುಗಿಸಿ ಹೋಗುತ್ತಿದ್ದಂತೆ ಹಿಂದೆಯೇ ಇನ್ನೊಬ್ಬರು ಬಂದು ಮುಚ್ಚಿದ ಹಾಗೆ. ಇಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಂದು ಸಲಕ್ಕೆ ಒಬ್ಬರೇ ಕೆಲಸ ಮಾಡಲಿ ಅಂತ ಲೀಡರ್ ಎಲೆಕ್ಷನ್ ಇದೆಯಲ್ಲ, ಅದು ಯಾಕೆ ತಡೆಯಲಿಲ್ಲ? ಕ್ಯೂಬ್‌ಬಿಲ್ಡರ್ ಕೊಡುವ ಡಿಪ್ಲಾಯ್‌ಮೆಂಟ್ (ಎಷ್ಟು ಪಾಡ್, ಹೇಗೆ ಓಡಬೇಕು ಅನ್ನುವ) ಫೈಲ್‌ನಲ್ಲಿ ‘--ಲೀಡರ್-ಎಲೆಕ್ಟ್’ ಇರುತ್ತದೆ, ‘ಮೇಕ್ ರನ್’ನಲ್ಲಿ ಇರುವುದಿಲ್ಲ. ಒಳಗಿನದು ಲೀಸ್ (ಈಗ ಲೀಡರ್ ಯಾರು ಅಂತ ಬರೆದಿಡುವ ಚೀಟಿ) ಹಿಡಿದುಕೊಂಡು ತಾನೇ ಲೀಡರ್ ಅಂತ ಕೂತಿದೆ, ಹೊರಗಿನದು ಲೀಸ್ ಕೇಳುವುದೇ ಇಲ್ಲ, ಸೀದಾ ಕೆಲಸಕ್ಕೆ ಇಳಿಯುತ್ತದೆ. ಪರಿಹಾರ ಸುಲಭ. ‘ಮೇಕ್ ರನ್’ ಕೊಡುವ ಮೊದಲು ಒಳಗಿನ ಡಿಪ್ಲಾಯ್‌ಮೆಂಟನ್ನು ‘ಕ್ಯೂಬ್‌ಸಿಟಿಎಲ್ ಸ್ಕೇಲ್’ನಿಂದ 0 ರೆಪ್ಲಿಕಾಗೆ, ಅಂದರೆ ಒಂದು ಪಾಡೂ ಓಡದ ಹಾಗೆ, ಇಳಿಸಿ. ಅವನು ಇಳಿಸಿದ. ಸಾಲುಗಳು ನಿಂತವು, ಕೊನೆಯ ಸಾಲಿನಲ್ಲಿ 4 ಇತ್ತು.

ಇದಕ್ಕೆ ಹತ್ತಿರದ್ದು ಇನ್ನೊಂದಿದೆ. ಡಿಪ್ಲಾಯ್ ಆದ ಮೇಲೆ ಹೊಸ ಪಾಡ್ ‘ಅಟೆಂಪ್ಟಿಂಗ್ ಟು ಅಕ್ವೈರ್ ಲೀಡರ್ ಲೀಸ್’ ಅಂತ ಬರೆದು ಸುಮ್ನೆ ನಿಂತಿದ್ದರೆ ಗಾಬರಿ ಬೇಡ. ಹಳೆಯ ಪಾಡ್ ಹಿಡಿದಿದ್ದ ಲೀಸ್‌ನ ಅವಧಿ ಸಾಮಾನ್ಯವಾಗಿ 15 ಸೆಕೆಂಡ್, ಅದು ಮುಗಿದ ಮೇಲೆ ಕೆಲಸ ಶುರು ಮಾಡುತ್ತದೆ. ಒಂದು ನಿಮಿಷ ಆದರೂ ಅಲ್ಲೇ ಇದ್ದರೆ ಮಾತ್ರ ‘ಕ್ಯೂಬ್‌ಸಿಟಿಎಲ್ ಗೆಟ್ ಲೀಸ್’ ಕೊಟ್ಟು ಯಾರ ಕೈಯಲ್ಲಿದೆ ನೋಡಿ.

ಇಮೇಜ್ ಸಿಗುತ್ತಿಲ್ಲ, ಸಿಕ್ಕರೂ ಹಳೆಯದು

‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಕಂಡರೆ ಮೊದಲು ಟ್ಯಾಗ್, ಅಂದರೆ ಇಮೇಜ್ ಹೆಸರಿನ ಕೊನೆಯ ಗುರುತು, ನೋಡಿ. ಕ್ಯೂಬ್‌ಬಿಲ್ಡರ್ ಮೇಕ್‌ಫೈಲ್‌ನಲ್ಲಿ ಇಮೇಜ್ ಹೆಸರು ‘ಕಂಟ್ರೋಲರ್:ಲೇಟೆಸ್ಟ್’ ಅಂತ ಇರುತ್ತದೆ. ಟ್ಯಾಗ್ ಲೇಟೆಸ್ಟ್ ಆಗಿದ್ದು ಪುಲ್ ಪಾಲಿಸಿ (ಇಮೇಜನ್ನು ಯಾವಾಗ ತರಬೇಕು ಅನ್ನುವ ನಿಯಮ) ಬರೆಯದೇ ಇದ್ದರೆ ಕುಬರ್ನೆಟೀಸ್ ಅದನ್ನು ‘ಆಲ್ವೇಸ್’ ಅಂತ ತೆಗೆದುಕೊಳ್ಳುತ್ತದೆ. ಇಮೇಜ್ ಪಕ್ಕದಲ್ಲೇ ಇದ್ದರೂ ಪ್ರತಿ ಸಲ ಹೊರಗಿನ ರಿಜಿಸ್ಟ್ರಿಗೆ (ಇಮೇಜ್‌ಗಳನ್ನು ಇಡುವ ಸರ್ವರ್) ಹೋಗಿ ಕೇಳುತ್ತದೆ, ಅಲ್ಲಿ ನಿಮ್ಮ ಇಮೇಜ್ ಇರಲ್ಲ. ಬೇರೆ ಟ್ಯಾಗ್ ಕೊಟ್ಟರೆ ‘ಇಫ್‌ನಾಟ್‌ಪ್ರೆಸೆಂಟ್’ ಆಗುತ್ತದೆ. ಇನ್ನೊಂದು ವಿಷಯ, ಲ್ಯಾಪ್‌ಟಾಪ್‌ನ ಡಾಕರ್‌ನಲ್ಲಿ ಇಮೇಜ್ ಇದೆ ಅಂದ ಮಾತ್ರಕ್ಕೆ ಕೈಂಡ್‌ನ ನೋಡ್‌ನಲ್ಲಿ ಇದೆ ಅಂತಲ್ಲ. ನೋಡ್ ಒಳಗೆ ಕಂಟೇನರ್ ಓಡಿಸುವುದು ಕಂಟೇನರ್‌ಡಿ, ಅದರ ಗೋದಾಮು ಬೇರೆ. ‘ಕೈಂಡ್ ಲೋಡ್’ ಮಾಡಲೇಬೇಕು. ಅನುಮಾನ ಇದ್ದರೆ ‘ಡಾಕರ್ ಎಕ್ಸೆಕ್ ಕೈಂಡ್-ಕಂಟ್ರೋಲ್-ಪ್ಲೇನ್ ಕ್ರಿಸಿಟಿಎಲ್ ಇಮೇಜಸ್’ ಕೊಟ್ಟು ಕಣ್ಣಾರೆ ನೋಡಿ.

ಎರರ್ ಇಲ್ಲದ ದೋಷ ಇನ್ನೂ ಕೆಟ್ಟದ್ದು. ಕೋಡ್ ಬದಲಿಸಿ, ಅದೇ ಟ್ಯಾಗ್‌ನಲ್ಲಿ ಬಿಲ್ಡ್ ಮಾಡಿ, ಲೋಡ್ ಮಾಡಿ, ಡಿಪ್ಲಾಯ್ ಕೊಟ್ಟರೆ ಡಿಪ್ಲಾಯ್‌ಮೆಂಟ್ ಫೈಲ್‌ನಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಬದಲಾಗಿಲ್ಲ ಅಂದಮೇಲೆ ಹೊಸ ಪಾಡ್ ಯಾಕೆ ಬರಬೇಕು? ಹಳೆಯ ಪಾಡ್ ಹಳೆಯ ಕೋಡ್ ಇಟ್ಟುಕೊಂಡು ಓಡುತ್ತಲೇ ಇರುತ್ತದೆ, ನೀವು ಸರಿಯಾಗಿ ಬರೆದ ಕೋಡನ್ನು ಮತ್ತೆ ಮತ್ತೆ ತಿದ್ದುತ್ತಾ ಹಾಳು ಮಾಡುತ್ತೀರಿ. ಪ್ರತಿ ಬಿಲ್ಡ್‌ಗೂ ಹೊಸ ಟ್ಯಾಗ್ ಕೊಡಿ. ನಾನು ಗಿಟ್ ಕಮಿಟ್‌ನ ಮೊದಲ ಏಳು ಅಕ್ಷರದ ಜೊತೆ ಗಂಟೆ ನಿಮಿಷ ಸೇರಿಸುತ್ತೇನೆ, ಯಾಕೆಂದರೆ ಕಮಿಟ್ ಮಾಡದೇ ಹತ್ತು ಸಲ ಬಿಲ್ಡ್ ಮಾಡುವ ದಿನಗಳು ಇರುತ್ತವೆ. ಜೊತೆಗೆ ಆಪರೇಟರ್ ಶುರುವಾದಾಗ ತನ್ನ ಟ್ಯಾಗನ್ನು ಲಾಗ್‌ನ ಮೊದಲ ಸಾಲಿನಲ್ಲಿ ಬರೆಯುವ ಹಾಗೆ ಮಾಡಿ. ಯಾವ ಕೋಡ್ ಓಡುತ್ತಿದೆ ಅನ್ನುವ ಪ್ರಶ್ನೆಯೇ ಉಳಿಯುವುದಿಲ್ಲ.

ಪಾಡ್ ಶುರುವಾಗಿ ಬಿದ್ದು ಮತ್ತೆ ಶುರುವಾಗುತ್ತಿದ್ದರೆ ‘ಕ್ಯೂಬ್‌ಸಿಟಿಎಲ್ ಲಾಗ್ಸ್ --ಪ್ರೀವಿಯಸ್’ ನೋಡಿ. ಈಗಿನ ಕಂಟೇನರ್‌ನ ಲಾಗ್‌ನಲ್ಲಿ ಸತ್ತ ಕಾರಣ ಇರುವುದಿಲ್ಲ. ಫೈಲ್ ಸಿಗಲಿಲ್ಲ ಅಂತಿದ್ದರೆ ಅದು ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿದ್ದು ಇಮೇಜ್‌ಗೆ ಸೇರದ ಫೈಲ್. ಒಳಗೆ ಹೋಗಿ ನೋಡೋಣ ಅಂದರೆ ಕ್ಯೂಬ್‌ಬಿಲ್ಡರ್ ಬಳಸುವ ಡಿಸ್ಟ್ರೋಲೆಸ್ ಇಮೇಜ್‌ನಲ್ಲಿ ಶೆಲ್ಲೇ ಇಲ್ಲ, ‘ಕ್ಯೂಬ್‌ಸಿಟಿಎಲ್ ಡಿಬಗ್’ನಿಂದ ಪಕ್ಕದಲ್ಲಿ ಇನ್ನೊಂದು ಕಂಟೇನರ್ ಹಾಕಿಕೊಂಡು ನೋಡಬೇಕು.

ಹೊರಗೆ ಸರಿ, ಒಳಗೆ ‘ಫರ್ಬಿಡನ್’

ಆಪರೇಟರ್ ಬರೆಯುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಎದುರಾಗುವುದು ಇದು. ‘ಮೇಕ್ ರನ್’ನಲ್ಲಿ ನೀವು ಅಡ್ಮಿನ್. ಏನು ಕೇಳಿದರೂ ಕ್ಲಸ್ಟರ್ ಸರಿ ಅನ್ನುತ್ತದೆ. ಒಳಗೆ ಹೋದಾಗ ಅದೇ ಪ್ರೋಗ್ರಾಮ್ ಒಂದು ಸರ್ವಿಸ್ ಅಕೌಂಟ್ (ಪ್ರೋಗ್ರಾಮ್‌ಗಳಿಗೆ ಕೊಡುವ ಖಾತೆ) ಹೆಸರಲ್ಲಿ ಓಡುತ್ತದೆ, ಅದಕ್ಕೆ ಇರುವುದು ನೀವು ಬರೆದುಕೊಟ್ಟ ಅನುಮತಿ ಮಾತ್ರ.

ಇದರ ಒಂದು ರೂಪ ತುಂಬಾ ದಾರಿ ತಪ್ಪಿಸುತ್ತದೆ. ಪಾಡ್ ಚೆನ್ನಾಗಿಯೇ ಶುರುವಾಗುತ್ತದೆ, ಸುಮಾರು 2 ನಿಮಿಷ ಆದ ಮೇಲೆ ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಕ್ಯಾಶ್ ಟು ಬಿ ಸಿಂಕ್ಡ್’ ಅಂತ ಹೇಳಿ ಸಾಯುತ್ತದೆ. ಟೈಮ್‌ಔಟ್ ಅನ್ನುವ ಮಾತು ನೋಡಿ ಜನ ನೆಟ್‌ವರ್ಕ್ ಹುಡುಕಲು ಹೋಗುತ್ತಾರೆ, ಟೈಮ್‌ಔಟ್ ಜಾಸ್ತಿ ಮಾಡುತ್ತಾರೆ. ಲಾಗ್‌ನಲ್ಲಿ ಸ್ವಲ್ಪ ಮೇಲೆ ಹೋಗಿ ಓದಿ. ‘ಫೇಲ್ಡ್ ಟು ಲಿಸ್ಟ್’, ‘ಈಸ್ ಫರ್ಬಿಡನ್’ ಅಂತ ಅದೇ ಸಾಲು ಹತ್ತಾರು ಸಲ ಇರುತ್ತದೆ. ಕೋಟಾಗಳ ಪಟ್ಟಿ ನೋಡುವ ಅನುಮತಿ ಇಲ್ಲ, ಪಟ್ಟಿ ಸಿಗದೆ ಕ್ಯಾಶ್ (ಆಪರೇಟರ್ ತನ್ನ ಹತ್ತಿರ ಇಟ್ಟುಕೊಳ್ಳುವ ಪ್ರತಿ) ತುಂಬಲ್ಲ, 2 ನಿಮಿಷ ಕಾದು ಕೈಬಿಡುತ್ತದೆ. ‘ಗೆಟ್’ ಒಂದೇ ಕೊಟ್ಟರೆ ಸಾಲದು, ‘ಲಿಸ್ಟ್’ ಮತ್ತು ‘ವಾಚ್’ ಕೂಡ ಬೇಕು. ಕೋಡ್ ಮೇಲಿರುವ, ಅನುಮತಿಗಳನ್ನು ಹೇಳುವ ‘ಕ್ಯೂಬ್‌ಬಿಲ್ಡರ್:ಆರ್‌ಬಿಎಸಿ’ ಸಾಲು ತಿದ್ದಿ, ‘ಮೇಕ್ ಮ್ಯಾನಿಫೆಸ್ಟ್ಸ್’ ಕೊಟ್ಟು, ಮತ್ತೆ ಡಿಪ್ಲಾಯ್ ಮಾಡಿ. ಕ್ಯೂಬ್‌ಬಿಲ್ಡರ್ ಮೇಕ್‌ಫೈಲ್‌ನ ‘ಮೇಕ್ ಡಿಪ್ಲಾಯ್’ ನಡುವಿನ ಹೆಜ್ಜೆಯನ್ನು ತಾನೇ ಮಾಡುತ್ತದೆ.

ಹುಡುಗನ ಆಪರೇಟರ್‌ಗೆ ಇನ್ನೂ ಒಂದು ಗಂಟು ಇತ್ತು. ರೋಲ್‌ಬೈಂಡಿಂಗ್ ಮಾಡುವ ಅನುಮತಿ ಕೊಟ್ಟಿದ್ದ. ಆದರೂ ‘ತನಗಿಲ್ಲದ ಅನುಮತಿಯನ್ನು ಬೇರೆಯವರಿಗೆ ಕೊಡಲು ನೋಡುತ್ತಿದೆ’ ಅನ್ನುವ ಅರ್ಥದ ಎರರ್. ಕುಬರ್ನೆಟೀಸ್‌ನ ಈ ನಿಯಮ ನನಗೆ ತುಂಬಾ ಇಷ್ಟ. ನಿಮ್ಮ ಹತ್ತಿರ ಇಲ್ಲದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆಪರೇಟರ್ ಒಂದು ರೋಲನ್ನು (ಅನುಮತಿಗಳ ಪಟ್ಟಿ) ಯಾರಿಗಾದರೂ ಬೈಂಡ್ ಮಾಡಬೇಕಾದರೆ ಆ ರೋಲ್‌ನಲ್ಲಿರುವ ಎಲ್ಲ ಅನುಮತಿಯೂ ತನಗೇ ಇರಬೇಕು, ಇಲ್ಲವೇ ಆ ರೋಲ್ ಮೇಲೆ ‘ಬೈಂಡ್’ ಅನ್ನುವ ಕ್ರಿಯಾಪದ ಸಿಕ್ಕಿರಬೇಕು. ನಾವು ಎರಡನೆಯದನ್ನು ಆರಿಸಿದೆವು, ಅದೂ ಆ ಒಂದೇ ರೋಲ್‌ನ ಹೆಸರಿಗೆ ಮಾತ್ರ. ಬೇಸರಕ್ಕೆ ಎಲ್ಲದಕ್ಕೂ ನಕ್ಷತ್ರ (*) ಹಾಕಿ ಕ್ಲಸ್ಟರ್-ಅಡ್ಮಿನ್ ಕೊಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಾಡ್ ಯಾರ ಕೈಗಾದರೂ ಸಿಕ್ಕರೆ ಇಡೀ ಕ್ಲಸ್ಟರೇ ಅವರದ್ದು.

ಇದನ್ನು ಲ್ಯಾಪ್‌ಟಾಪ್‌ನಲ್ಲೇ ಮೊದಲೇ ಹಿಡಿಯಬಹುದು. ‘ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ’ ಕಮಾಂಡ್‌ಗೆ ‘--ಆ್ಯಸ್’ ಹಾಕಿ ಸರ್ವಿಸ್ ಅಕೌಂಟ್‌ನ ಪೂರ್ತಿ ಹೆಸರು ಕೊಟ್ಟರೆ ಹೌದು, ಇಲ್ಲ ಅಂತ ಉತ್ತರ ಬರುತ್ತದೆ. ಇದಕ್ಕಿಂತ ಒಳ್ಳೆಯದು, ‘ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಟೋಕನ್’ನಿಂದ ಆ ಅಕೌಂಟ್‌ನ ಟೋಕನ್ ತೆಗೆದು, ಅದನ್ನು ಹಾಕಿದ ಬೇರೆ ಕ್ಯೂಬ್‌ಕಾನ್ಫಿಗ್ ಮಾಡಿ, ಅದರಿಂದಲೇ ‘ಮೇಕ್ ರನ್’ ಕೊಡಿ. ಪ್ರೋಗ್ರಾಮ್ ಹೊರಗಿದ್ದರೂ ಒಳಗಿನ ಹೆಸರಲ್ಲೇ ಓಡುತ್ತದೆ. ಸೀಕ್ರೆಟ್‌ನಿಂದ ಟೋಕನ್ ತೆಗೆಯಿರಿ ಅನ್ನುವ ಹಳೆಯ ಬರಹಗಳನ್ನು ನೋಡಿ ಒದ್ದಾಡಬೇಡಿ. 2022ರ 1.24 ಆವೃತ್ತಿಯಿಂದ ಆ ಸೀಕ್ರೆಟ್ ತಾನಾಗಿ ಹುಟ್ಟುವುದಿಲ್ಲ.

ಅಳಿಸಿದರೆ ಅಳಿಯುತ್ತಿಲ್ಲ, ಹಾಕಿದರೆ ಹಾಕಲು ಬಿಡುತ್ತಿಲ್ಲ

ಟೀಮ್‌ಸ್ಪೇಸ್ ಡಿಲೀಟ್ ಕೊಟ್ಟರೆ ಟರ್ಮಿನಲ್ ಹಾಗೇ ನಿಂತುಬಿಡುತ್ತದೆ. ಅದರ ಮೇಲೆ ಫೈನಲೈಸರ್ (ಒಳಗಿನದ್ದನ್ನು ತೆಗೆಯುವ ತನಕ ಅಳಿಸಬೇಡ ಅನ್ನುವ ಗುರುತು) ಇದೆ, ಅದನ್ನು ತೆಗೆಯಬೇಕಾದ ಆಪರೇಟರ್ ಓಡುತ್ತಿಲ್ಲ. ಫೈನಲೈಸರನ್ನು ಕೈಯಲ್ಲಿ ಕಿತ್ತುಹಾಕುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಹಾಗೆ ಮಾಡಿದರೆ ಆಪರೇಟರ್ ಅಳಿಸಬೇಕಿದ್ದ ನೇಮ್‌ಸ್ಪೇಸ್, ಕೋಟಾ ಎಲ್ಲ ಹಾಗೇ ಉಳಿಯಬಹುದು. ಸುಮ್ನೆ ‘ಮೇಕ್ ರನ್’ ಕೊಡಿ, ಅದೇ ಅಳಿಸಿ ಮುಗಿಸುತ್ತದೆ. ‘ಮೇಕ್ ಅನ್‌ಇನ್‌ಸ್ಟಾಲ್’ ಕೊಡುವ ಮೊದಲೂ ಆಪರೇಟರ್ ಓಡುತ್ತಿರಲಿ, ಎಲ್ಲ ಟೀಮ್‌ಸ್ಪೇಸ್ ಹೋದ ಮೇಲೆ ನಿಲ್ಲಿಸಿ.

ಉಲ್ಟಾ ತೊಂದರೆ ವೆಬ್‌ಹುಕ್‌ದು. ಹಾಕುವ ಮೊದಲು ಸರಿ ಇದೆಯಾ ಅಂತ ನೋಡುವ ಪರಿಶೀಲನೆಯ ವೆಬ್‌ಹುಕ್ ಇದ್ದರೆ ಕ್ಲಸ್ಟರ್‌ನ ಎಪಿಐ ಸರ್ವರ್ (ನಮ್ಮ ಕಮಾಂಡ್‌ಗಳು ಹೋಗಿ ಸೇರುವ ಭಾಗ) ಆಪರೇಟರ್ ಪಾಡನ್ನು ಕರೆದು ಕೇಳಬೇಕು. ನೀವು ಪಾಡನ್ನು 0ಗೆ ಇಳಿಸಿ ಹೊರಗೆ ಓಡಿಸುತ್ತಿದ್ದೀರಿ, ಕರೆದರೆ ಯಾರೂ ಇಲ್ಲ, ಪಾಲಿಸಿ ‘ಫೇಲ್’ ಅಂತಿದೆ, ಹಾಗಾಗಿ ಯಾವ ಟೀಮ್‌ಸ್ಪೇಸನ್ನೂ ಹಾಕಲು ಬಿಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಓಡಿಸುವಾಗ ವೆಬ್‌ಹುಕ್ ಕಾನ್ಫಿಗರೇಷನನ್ನು ಕ್ಲಸ್ಟರ್‌ನಿಂದ ತೆಗೆಯಿರಿ, ‘ಎನೇಬಲ್_ವೆಬ್‌ಹುಕ್ಸ್=ಫಾಲ್ಸ್’ ಹಾಕಿ ಓಡಿಸಿ. ಇದನ್ನು ಹಾಕದಿದ್ದರೆ ಆಪರೇಟರ್ ‘ಟಿಎಲ್ಎಸ್.ಸಿಆರ್‌ಟಿ’ ಅನ್ನುವ ಸರ್ಟಿಫಿಕೇಟ್ ಫೈಲ್ ಇಲ್ಲ ಅಂತ ಶುರುವಾಗುವುದೇ ಇಲ್ಲ. ವೆಬ್‌ಹುಕ್ ಪರೀಕ್ಷೆ ಬೇಕಾದಾಗ ಒಳಗೆ ಡಿಪ್ಲಾಯ್ ಮಾಡಿಯೇ ನೋಡಿ.

ಕರೆಂಟ್ ಹೋಗಿ ಬಂದ ಮೇಲೆ

ಲ್ಯಾಪ್‌ಟಾಪ್ ಆಫ್ ಆಗಿ ಬಂದಿದ್ದರೆ ‘ಡಾಕರ್ ಪಿಎಸ್ -ಎ’ ಕೊಟ್ಟು ಕೈಂಡ್-ಕಂಟ್ರೋಲ್-ಪ್ಲೇನ್ ಎದ್ದಿದೆಯಾ ನೋಡಿ, ಇಲ್ಲದಿದ್ದರೆ ‘ಡಾಕರ್ ಸ್ಟಾರ್ಟ್’ ಕೊಡಿ. ಕೆಲವು ನಿಮಿಷದಲ್ಲಿ ಸರಿಹೋಗದಿದ್ದರೆ ಕ್ಲಸ್ಟರ್ ಅಳಿಸಿ ಹೊಸದು ಮಾಡಿ, ಅದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ನೋಡ್‌ನ ಇಮೇಜ್ ನಿಮ್ಮ ಡಾಕರ್‌ನಲ್ಲೇ ಇರುವುದರಿಂದ ಹಾಟ್‌ಸ್ಪಾಟ್‌ನ ಡೇಟಾ ಮತ್ತೆ ಖರ್ಚಾಗುವುದಿಲ್ಲ. ಕ್ಲಸ್ಟರ್ ಮಾಡಿ, ಸಿಆರ್‌ಡಿ ಹಾಕಿ, ಇಮೇಜ್ ಲೋಡ್ ಮಾಡಿ, ಮಾದರಿ ಟೀಮ್‌ಸ್ಪೇಸ್ ಹಾಕುವ ತನಕ ಎಲ್ಲವೂ ಒಂದೇ ಸ್ಕ್ರಿಪ್ಟ್‌ನಲ್ಲಿ ಇರಲಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್‌ನಲ್ಲಿ ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಎರರ್ ಬಂದರೆ ‘ಡೇಟ್’ ಕೊಟ್ಟು ನೋಡಿ, ಒಳಗಿನ ಗಡಿಯಾರ ಹಿಂದೆ ಬಿದ್ದಿರುತ್ತದೆ.

ಲಿನಕ್ಸ್‌ನಲ್ಲಿ ಎರಡು ಮೂರು ನೋಡ್‌ಗಳ ಕ್ಲಸ್ಟರ್ ಮಾಡಿದಾಗ ‘ಟೂ ಮೆನಿ ಓಪನ್ ಫೈಲ್ಸ್’ ಬಂದರೆ ಅದು ಐನೋಟಿಫೈ (ಫೈಲ್ ಬದಲಾಗುವುದನ್ನು ಗಮನಿಸುವ ಲಿನಕ್ಸ್‌ನ ಸೌಲಭ್ಯ) ಮಿತಿ. ‘ಎಫ್ಎಸ್.ಐನೋಟಿಫೈ.ಮ್ಯಾಕ್ಸ್_ಯೂಸರ್_ವಾಚಸ್’ 524288, ‘ಮ್ಯಾಕ್ಸ್_ಯೂಸರ್_ಇನ್‌ಸ್ಟೆನ್ಸಸ್’ 512 ಮಾಡಿ. ಸಿಸ್‌ಸಿಟಿಎಲ್ ಫೈಲ್‌ನಲ್ಲೂ ಬರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಲ್ಯಾಪ್‌ಟಾಪ್ ಆನ್ ಮಾಡಿದಾಗ ಹಳೆಯ ಮಿತಿಯೇ ಬರುತ್ತದೆ.

ಇಷ್ಟಾದರೂ ಸಿಗದಿದ್ದರೆ ಗೊತ್ತಿರುವವರನ್ನು ಕೇಳಿ, ಸಂಕೋಚ ಬೇಡ. ಕೇಳುವಾಗ ಸ್ಕ್ರೀನಿನ ಫೋಟೋ ಕಳಿಸಬೇಡಿ, ಅಕ್ಷರಗಳನ್ನೇ ಕಾಪಿ ಮಾಡಿ ಕಳಿಸಿ. ಈಗಿನ ಕಾಂಟೆಕ್ಸ್ಟ್ ಹೆಸರು, ಆಪರೇಟರ್ ಒಳಗಿದೆಯೋ ಹೊರಗಿದೆಯೋ ಅನ್ನುವುದು, ಪಾಡ್‌ನ ‘ಡಿಸ್ಕ್ರೈಬ್’ನಲ್ಲಿ ಕೆಳಗೆ ಬರುವ ಇವೆಂಟ್‌ಗಳು, ‘--ಪ್ರೀವಿಯಸ್’ ಲಾಗ್, ಮ್ಯಾನೇಜ್ಡ್ ಫೀಲ್ಡ್ಸ್ ಇರುವ ಯಾಮಲ್. ಟೋಕನ್, ಕ್ಯೂಬ್‌ಕಾನ್ಫಿಗ್ ಮಾತ್ರ ಯಾರಿಗೂ ಕಳಿಸಬೇಡಿ.